ಅತ್ತೆಯ ವೀಣೆ, ಶಿಷ್ಯನ ಗಿಟಾರು: ತಿದ್ದಿದ ವಾದ್ಯದ ಬೆಲೆ

ಕಳೆದ ಬೇಸಿಗೆಯಲ್ಲಿ ಹಳೆಯ ಶಿಷ್ಯನೊಬ್ಬ ಅಮೆರಿಕದಿಂದ ಬಂದವನು ನಮ್ಮ ಮನೆಗೂ ಬಂದಿದ್ದ. ಹುಣಸೂರಿನ ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಹೇಳುತ್ತಿದ್ದ ಕಾಲಕ್ಕೆ ಅವನು ಹತ್ತನೆಯ ತರಗತಿಯಲ್ಲಿದ್ದ. ಪಾಠಕ್ಕಿಂತ ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದ ಮೇಲೆಯೇ ಅವನಿಗೆ ಹೆಚ್ಚು ಗಮನ. ಬಾಡಿಗೆಗೆ ತಂದ ಎಲೆಕ್ಟ್ರಿಕ್ ಗಿಟಾರನ್ನು ಕೊರಳಿಗೆ ಹಾಕಿಕೊಂಡು ನಿಂತರೆ ಊರಿನ ಹುಡುಗರೆಲ್ಲ ಬಾಯಿ ಬಿಟ್ಟು ನೋಡುತ್ತಿದ್ದರು. ಈಗ ಅವನ ತಲೆಯೂ ನೆರೆತಿದೆ. ಕಾಫಿ ಕುಡಿಯುತ್ತ ಕುಳಿತಿದ್ದವನ ಕಣ್ಣು ಪಡಸಾಲೆಯ ಮೂಲೆಯಲ್ಲಿದ್ದ ವೀಣೆಯ ಮೇಲೆ ಬಿತ್ತು. ಎದ್ದು ಹೋಗಿ, ಬಗ್ಗಿ, ಸ್ವಲ್ಪ ಹೊತ್ತು ನೋಡಿ, "ಸಾರ್, ಇದಕ್ಕೆ ಗಿಟಾರಿನ ಬಿರಡೆ ಯಾರು ಹಾಕಿದ್ದು?" ಎಂದು ಕೇಳಿದ.

"ನಾನೇ ಹಾಕಿಸಿದ್ದಪ್ಪ," ಎಂದೆ. ಅವನು ಮುಂದೆ ಏನೂ ಕೇಳಲಿಲ್ಲ. ಆದರೆ ಆ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಈ ಬರಹ ಅದಕ್ಕೆ ಕೊಡಬೇಕಾಗಿದ್ದ ಉತ್ತರ.

ಅವನಿಗೂ ಅಂಥದೇ ಒಂದು ಸಂಕಟವಿತ್ತೆಂದು ಆಮೇಲೆ ತಿಳಿಯಿತು. ಹುಡುಗನಾಗಿದ್ದಾಗ ಚಿತ್ರದಲ್ಲಿ ಮಾತ್ರ ಕಂಡಿದ್ದ ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಗಿಟಾರೊಂದನ್ನು ಅವನು ಕೊಂಡಿದ್ದಾನೆ. 1964ರಲ್ಲಿ ತಯಾರಾದದ್ದು. 1965ರ ಜನವರಿಯಲ್ಲಿ ಆ ಕಂಪನಿ ಸಿಬಿಎಸ್ ಎಂಬ ದೊಡ್ಡ ಸಂಸ್ಥೆಯ ಕೈಸೇರಿತು. ಅದಕ್ಕೆ ಮೊದಲು ತಯಾರಾದ ಗಿಟಾರುಗಳಿಗೆ ಸಂಗ್ರಾಹಕರಲ್ಲಿ ಬೇರೆಯೇ ಮರ್ಯಾದೆ. ಆದರೆ ಇವನ ಗಿಟಾರಿನ ಹಿಂದಿನ ಯಜಮಾನನೊಬ್ಬ ಮೂಲ ಬಣ್ಣವನ್ನು ಕೆರೆದು ಹೊಸ ಬಣ್ಣ ಬಳಿಸಿದ್ದಾನೆ. ಮರವನ್ನು ಉಳಿಯಿಂದ ಅಗಲಿಸಿ ದೊಡ್ಡ ಪಿಕಪ್ ಒಂದನ್ನು ಕೂರಿಸಿದ್ದಾನೆ. ಹಾಗಾಗಿಯೇ ನನ್ನ ಶಿಷ್ಯನಿಗೆ ಅದು ಕೈಗೆಟುಕುವ ಬೆಲೆಗೆ ಸಿಕ್ಕಿತು. "ಮತ್ತೆ ಹಳೆಯ ಹಾಗೆಯೇ ಮಾಡಿಸಲೋ, ಇದ್ದ ಹಾಗೆ ಬಿಡಲೋ ತಿಳಿಯುತ್ತಿಲ್ಲ ಸಾರ್," ಎಂದ. ಗಿಟಾರಿನ ವಿಷಯದಲ್ಲಿ ನಾನು ಏನು ಹೇಳಬಲ್ಲೆ? ಆದರೆ ಹಳೆಯ ವಸ್ತುವನ್ನು ತಿದ್ದುವುದೆಂದರೇನು ಎಂಬುದು ಇತಿಹಾಸದ ಪ್ರಶ್ನೆಯೂ ಹೌದು. ಅಷ್ಟರ ಮಟ್ಟಿಗೆ ಅದು ನನ್ನ ಪಾಠದ ವ್ಯಾಪ್ತಿಗೆ ಬರುತ್ತದೆ.

ಮೊದಲು ಎಲೆಕ್ಟ್ರಿಕ್ ಗಿಟಾರಿನ ವಿಷಯವನ್ನು ಅವನು ನನಗೆ ತಿಳಿಸಿದಷ್ಟು, ನಾನು ಓದಿಕೊಂಡಷ್ಟು ಹೇಳುತ್ತೇನೆ. ನಮ್ಮ ವೀಣೆಗೆ ಟೊಳ್ಳಾದ ಕೊಡವಿದೆ. ತಂತಿಯ ನಾದ ಅದರೊಳಗೆ ತುಂಬಿ ಹೊರಬರುತ್ತದೆ. ಸ್ಟ್ರಾಟೋಕಾಸ್ಟರಿನಂಥ ಗಿಟಾರಿಗೆ ಆ ಕೊಡವಿಲ್ಲ, ಅದು ಗಟ್ಟಿ ಮರದ ಹಲಗೆ. ತಂತಿಗಳ ಕೆಳಗೆ ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ತಂತಿಯ ಸುರುಳಿ ಇರುತ್ತದೆ. ಅದೇ ಪಿಕಪ್. ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟಿ ಧ್ವನಿವರ್ಧಕಕ್ಕೆ ಹೋಗುತ್ತದೆ. ಫೆಂಡರ್ ಕಂಪನಿಯ ಟೆಲಿಕಾಸ್ಟರ್ 1950ರ ಆಸುಪಾಸಿನಲ್ಲಿ, ಗಿಬ್ಸನ್ ಕಂಪನಿಯ ಲೆಸ್ ಪಾಲ್ 1952ರಲ್ಲಿ, ಸ್ಟ್ರಾಟೋಕಾಸ್ಟರ್ 1954ರಲ್ಲಿ ಬಂದವು. ಆಗ ಅವು ಕಾರ್ಖಾನೆಯಲ್ಲಿ ಸಾಲಾಗಿ ತಯಾರಾಗುತ್ತಿದ್ದ ಸಾಮಾನ್ಯ ಸರಕು. ಮುಂದೊಂದು ದಿನ ಯಾರೋ ಭೂತಗನ್ನಡಿ ಹಿಡಿದು ಅವುಗಳ ತಿರುಪುಗಳನ್ನು ಪರೀಕ್ಷಿಸುತ್ತಾರೆಂದು ಕೊಂಡವರು ಕನಸಿನಲ್ಲಿಯೂ ಎಣಿಸಿರಲಿಲ್ಲ. ಬೇಸರ ಬಂದರೆ ಬಣ್ಣ ಬದಲಿಸಿದರು. ಬಿರಡೆ ಸಡಿಲವಾದರೆ ಹೊಸ ತೂತು ಕೊರೆದು ಬೇರೆ ಹಾಕಿಸಿದರು. ಇನ್ನೂ ಗಟ್ಟಿಯಾದ ನಾದ ಬೇಕೆನಿಸಿದಾಗ ಮರ ಕೆತ್ತಿ ಬೇರೆ ಪಿಕಪ್ ಕೂರಿಸಿದರು.

ಇಂದು ಆ ಮಾರುಕಟ್ಟೆಯ ಲೆಕ್ಕಾಚಾರ ಕಠಿಣವಾದದ್ದು. ಬಣ್ಣ ಬದಲಾಗಿದ್ದರೆ ಬೆಲೆ ಸುಮಾರು ಅರ್ಧಕ್ಕೆ ಇಳಿಯಿತೆಂದು ವ್ಯಾಪಾರಿಗಳು ಅಂದಾಜು ಮಾಡುತ್ತಾರೆ. ತಲೆಯ ಭಾಗ ಮುರಿದು ಕೂಡಿಸಿದ್ದರೂ ಹೆಚ್ಚು ಕಡಿಮೆ ಅದೇ ಲೆಕ್ಕ. ಮರ ಕೆತ್ತಿದ್ದರೆ ಇನ್ನಷ್ಟು ಇಳಿತ. ಆದರೆ ತಂತಿ ಸವೆಸಿದ ಫ್ರೆಟ್‌ಗಳನ್ನು, ಎಂದರೆ ಮೆಟ್ಟಿಲುಗಳನ್ನು, ಒಪ್ಪವಾಗಿ ಬದಲಿಸಿದ್ದರೆ ಅಷ್ಟು ಹಾನಿಯಿಲ್ಲ. ನುಡಿಸುವ ವಾದ್ಯಕ್ಕೆ ಅದು ಬಂಡಿಗೆ ಕೀಲೆಣ್ಣೆ ಇದ್ದಂತೆ ಎಂದು ಅವರೂ ಒಪ್ಪುತ್ತಾರೆ. ಬಿರಡೆ ಬದಲಿಸಿದವನು ಹಳೆಯ ಬಿರಡೆಗಳನ್ನು ಪೊಟ್ಟಣ ಕಟ್ಟಿ ಇಟ್ಟಿದ್ದು ಹೊಸ ತೂತು ಕೊರೆಯದೆ ಇದ್ದರೆ, ಆ ತಿದ್ದುಪಡಿ ಬಹುಮಟ್ಟಿಗೆ ಕ್ಷಮಾರ್ಹ.

ಬಣ್ಣಕ್ಕೇಕೆ ಅರ್ಧ ಬೆಲೆ? ಹೊಸ ಬಣ್ಣದಿಂದ ನಾದ ಅರ್ಧವಾಗುವುದಿಲ್ಲ. ಇದನ್ನು ಯೋಚಿಸುವಾಗ ನನಗೆ ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿ ನೆನಪಾಯಿತು. ಅಲ್ಲಿನ ಗುಡಿಯ ಮುಂದೆ ಹಳಗನ್ನಡದ ಒಂದು ಶಾಸನದ ಕಲ್ಲಿತ್ತು. ಮಕ್ಕಳನ್ನು ಕರೆದುಕೊಂಡು ಹೋಗಿ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿಸಿ ಓದಿಸುತ್ತಿದ್ದೆ. ಕೆಲವು ವರ್ಷ ಕಳೆದು ಹೋದಾಗ ಊರಿನವರು ಭಕ್ತಿಯಿಂದ ಆ ಕಲ್ಲಿಗೆ ದಪ್ಪಗೆ ಎಣ್ಣೆಬಣ್ಣ ಬಳಿದು, ಅಕ್ಷರ ಚೆನ್ನಾಗಿ ಕಾಣಲೆಂದು ಕೆಲವು ಸಾಲುಗಳ ಮೇಲೆ ಉಳಿಯನ್ನೂ ಆಡಿಸಿದ್ದರು. ಅವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಆದರೆ ಮಾಡಿದ ಮೇಲೆ ಅಲ್ಲಿದ್ದದ್ದು ಶಾಸನವಲ್ಲ, ಶಾಸನದ ಮೇಲೆ ಯಾರೋ ಬರೆದದ್ದು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ನಾಲ್ಕನೆಯ ಸಂಪುಟದಲ್ಲಿ (1898) ನಮ್ಮ ಎಡತೊರೆ, ಹುಣಸೂರು, ಹೆಗ್ಗಡದೇವನಕೋಟೆಗಳ ಶಾಸನಗಳ ಪಾಠ ಅಚ್ಚಾಗಿದೆ. ಮುಂದೆ ಕಲ್ಲಿಗೆ ಏನೇ ಆದರೂ ಪಾಠವಾದರೂ ಉಳಿಯಿತು. ವಾದ್ಯಗಳಿಗೆ ಅಂಥ ಸಂಪುಟವಿಲ್ಲ. ಹಳೆಯ ಬಣ್ಣ, ಬೆಸುಗೆ, ತಿರುಪಿನ ತಲೆಯ ಸವಕಲು, ಇವೇ ಅದರ ಶಾಸನ. ನಕಲಿಗಳು ತುಂಬಿರುವ ಸಂತೆಯಲ್ಲಿ ಆ ಗುರುತುಗಳು ಸಾಕ್ಷಿ ಹೇಳುತ್ತವೆ. ಬಣ್ಣ ಕೆರೆದವನು ಸಾಕ್ಷಿಯ ಬಾಯಿ ಮುಚ್ಚಿಸಿದಂತೆ. ಅರ್ಧ ಬೆಲೆ ಇಳಿಯುವುದು ನಾದಕ್ಕಲ್ಲ, ನಂಬಿಕೆಗೆ.

ಇಷ್ಟೇ ಆಗಿದ್ದರೆ ಪಾಠ ಸುಲಭವಾಗಿತ್ತು: ಹಳೆಯದನ್ನು ಮುಟ್ಟಬೇಡಿ, ಅಷ್ಟೆ. ಆದರೆ ಅದೇ ಮಾರುಕಟ್ಟೆಯಲ್ಲಿ ಇದಕ್ಕೆ ತೀರಾ ವಿರುದ್ಧವಾದ ಉದಾಹರಣೆಗಳಿವೆ. ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ 1970ರಲ್ಲಿ ಕೊಂಡ ಕಪ್ಪು ಸ್ಟ್ರಾಟೋಕಾಸ್ಟರಿನ ಹಿಡಿಕೆ ಹಲವು ಬಾರಿ ಬದಲಾಯಿತು, ಪಿಕಪ್ ಬದಲಾಯಿತು, ಎದೆಯ ಮೇಲಿನ ಬಿಳಿಯ ಹಲ್ಲೆ ಹೋಗಿ ಕಪ್ಪು ಹಲ್ಲೆ ಬಂತು. ಸಂಗ್ರಾಹಕರ ಲೆಕ್ಕದಲ್ಲಿ ಅದಕ್ಕೆ ಕವಡೆಯ ಕಿಮ್ಮತ್ತೂ ಇರಬಾರದಿತ್ತು. 2019ರ ಜೂನ್‌ನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದು 39,75,000 ಡಾಲರಿಗೆ ಹೋಯಿತು. ಎರಿಕ್ ಕ್ಲಾಪ್ಟನ್ ಮೂರು ಹಳೆಯ ಗಿಟಾರುಗಳನ್ನು ಬಿಚ್ಚಿ, ಒಂದರ ದೇಹಕ್ಕೆ ಇನ್ನೊಂದರ ಅಂಗ ಸೇರಿಸಿ ಜೋಡಿಸಿಕೊಂಡ ಗಿಟಾರು 2004ರಲ್ಲಿ 9,59,500 ಡಾಲರಿಗೆ ಮಾರಾಟವಾಯಿತು. ಇಲ್ಲಿ ತಿದ್ದುಪಡಿಗಳೇ ಶಾಸನ. ಆ ಬದಲಾವಣೆಗಳು ಯಾವ ಹಾಡಿಗಾಗಿ, ಯಾವ ಕೈಗಾಗಿ ನಡೆದವೆಂದು ಲೋಕಕ್ಕೆ ಗೊತ್ತು.

ಇನ್ನೂ ಹಿಂದಕ್ಕೆ ಹೋದರೆ ಇಟಲಿಯ ಸ್ಟ್ರಾಡಿವಾರಿ (ನಿಧನ 1737) ಮಾಡಿದ ಪಿಟೀಲುಗಳಿವೆ. ಅವುಗಳಲ್ಲಿ ಬಹುತೇಕ ಎಲ್ಲವನ್ನೂ ಹದಿನೆಂಟನೆಯ ಶತಮಾನದ ಕೊನೆಗೂ ಹತ್ತೊಂಬತ್ತನೆಯ ಶತಮಾನದ ಮೊದಲಿಗೂ ಬಿಚ್ಚಿ, ಕತ್ತನ್ನು ಉದ್ದ ಮಾಡಿ, ಒಳಗಿನ ಆಧಾರಪಟ್ಟಿಯನ್ನು ಬಲಪಡಿಸಿದರು. ಸಭಾಂಗಣಗಳು ದೊಡ್ಡದಾದಂತೆ ದೊಡ್ಡ ನಾದ ಬೇಕಾಯಿತು. ಹೀಗೆ ತಿದ್ದಿಸಿಕೊಂಡ ಪಿಟೀಲುಗಳೇ ಇಂದು ಕೋಟಿಗಟ್ಟಲೆ ಬೆಲೆ ಬಾಳುತ್ತವೆ.

ದೂರದ ಮಾತು ಸಾಕು. ನಮ್ಮ ನೆಲದಲ್ಲಿ ಇದಕ್ಕಿಂತ ಚೆಂದದ ಉದಾಹರಣೆಯಿದೆ. ಪಿಟೀಲು ಚೌಡಯ್ಯನವರು ನಮ್ಮ ಜಿಲ್ಲೆಯ ತಿರುಮಕೂಡಲಿನವರು, ಹುಟ್ಟಿದ್ದು 1895ರಲ್ಲಿ. ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಧ್ವನಿವರ್ಧಕ ಇನ್ನೂ ಬಳಕೆಗೆ ಬಾರದಿದ್ದ ಕಾಲದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತವನಿಗೆ ಪಕ್ಕವಾದ್ಯ ಕೇಳಿಸುವುದೇ ಕಷ್ಟವಾಗಿತ್ತು. 1927ರಲ್ಲಿ ಅವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯದನ್ನಾಗಿ ಮಾಡಿಕೊಂಡರು. ಮೂರು ತಂತಿ ಸೇರಿಸುವುದೆಂದರೆ ಮೂರು ಬಿರಡೆ ಕೂರಿಸಿದರೆ ಮುಗಿಯುವ ಕೆಲಸವಲ್ಲ. ಅಷ್ಟೂ ತಂತಿಗಳ ಎಳೆತ ಕುದುರೆಯ ಮೇಲೆ, ತೆಳುವಾದ ಎದೆಹಲಗೆಯ ಮೇಲೆ ಬೀಳುತ್ತದೆ. ಕಮಾನು ಎರಡು ತಂತಿಗಳನ್ನು ಒಟ್ಟಿಗೆ ಸವರುವಂತೆ ಕೈ ಪಳಗಬೇಕು. ಅವರು ಅದನ್ನು ಪಳಗಿಸಿಕೊಂಡರು. 1957ರಲ್ಲಿ ಸಂಗೀತ ಕಲಾನಿಧಿಯಾದರು, 1967ರಲ್ಲಿ ತೀರಿಕೊಂಡರು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಅವರ ಹೆಸರಿನ ಸಭಾಂಗಣವನ್ನು 1980ರಲ್ಲಿ ಪಿಟೀಲಿನ ಆಕಾರದಲ್ಲಿಯೇ ಕಟ್ಟಿದರು. ಧ್ವನಿವರ್ಧಕ ಬಂದ ಮೇಲೆ ಏಳು ತಂತಿಯ ಅಗತ್ಯ ಕಡಿಮೆಯಾಯಿತು, ಅದು ಸಾಮಾನ್ಯ ರೂಢಿಯಾಗಲಿಲ್ಲ. ಆದರೆ ಚೌಡಯ್ಯನವರು ನುಡಿಸಿದ ಪಿಟೀಲೊಂದು ಸಿಕ್ಕಿತೆನ್ನಿ, ಅದರ ಮೂರು ಹೆಚ್ಚುವರಿ ಬಿರಡೆಗಳನ್ನು ಕಿತ್ತು "ಮೂಲರೂಪಕ್ಕೆ" ತರುತ್ತೇನೆನ್ನುವ ಮೂರ್ಖನಿರಬಹುದೆ?

ಆಂಧ್ರದ ಯು. ಶ್ರೀನಿವಾಸ್ (1969–2014) ಎಲೆಕ್ಟ್ರಿಕ್ ಮ್ಯಾಂಡೊಲಿನ್ನಿನಲ್ಲಿ ಮಾಡಿದ್ದೂ ಇದನ್ನೇ, ಆದರೆ ದಿಕ್ಕು ಬೇರೆ. ಮ್ಯಾಂಡೊಲಿನ್ನಿಗೆ ಜೋಡಿ ಜೋಡಿಯಾಗಿ ಎಂಟು ತಂತಿ. ಜೋಡಿ ತಂತಿಯನ್ನು ಎಳೆದು ಗಮಕ ನುಡಿಸುವುದು ದುಸ್ಸಾಧ್ಯ. ಅವರು ಜೋಡಿಗಳನ್ನು ಬಿಡಿಸಿ ಒಂಟಿ ತಂತಿ ಮಾಡಿಕೊಂಡು ಐದನೆಯದೊಂದನ್ನು ಸೇರಿಸಿದರು. ಚೌಡಯ್ಯನವರು ಕೂಡಿದರು, ಇವರು ಕಳೆದರು. ಇಬ್ಬರಿಗೂ ಲೆಕ್ಕ ಸರಿಹೋಯಿತು, ಏಕೆಂದರೆ ಇಬ್ಬರಿಗೂ ಏನು ಬೇಕೆಂಬುದು ಮೊದಲೇ ಕಿವಿಯಲ್ಲಿತ್ತು.

ಅಷ್ಟೇಕೆ, ವೀಣೆಯೇ ಒಂದು ತಿದ್ದುಪಡಿಯ ಫಲ. ಹಿಂದಿನ ವೀಣೆಗಳಲ್ಲಿ ರಾಗಕ್ಕೆ ತಕ್ಕಂತೆ ಮೆಟ್ಟಿಲುಗಳನ್ನು ಸರಿಸುವ ಪದ್ಧತಿಯಿತ್ತು. ಒಂದು ಸ್ಥಾಯಿಗೆ ಹನ್ನೆರಡರಂತೆ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಸ್ಥಿರವಾಗಿ ಕೂರಿಸಿ ಎಲ್ಲ ರಾಗಗಳನ್ನೂ ನುಡಿಸಬಹುದಾದ ಇಂದಿನ ವೀಣೆ ಹದಿನೇಳನೆಯ ಶತಮಾನದಲ್ಲಿ ತಂಜಾವೂರಿನ ರಘುನಾಥ ನಾಯಕನ ಆಸ್ಥಾನದಲ್ಲಿ ರೂಪುಗೊಂಡಿತೆಂದು ಪರಂಪರೆ ಹೇಳುತ್ತದೆ. ಆತನ ಮಂತ್ರಿ ಗೋವಿಂದ ದೀಕ್ಷಿತರು ಮೂಲತಃ ಕನ್ನಡಿಗರು. ಅವರ ಮಗ ವೆಂಕಟಮಖಿ ಸ್ಥಾಯಿಯ ಆ ಹನ್ನೆರಡು ಸ್ಥಾನಗಳ ತಳಹದಿಯ ಮೇಲೆ ಎಪ್ಪತ್ತೆರಡು ಮೇಳಗಳ ಲೆಕ್ಕವನ್ನು ಕಟ್ಟಿದರು. ಅಂದು ಯಾರಾದರೂ "ಮೂಲರೂಪವನ್ನು ಮುಟ್ಟಬೇಡಿ" ಎಂದು ತಡೆದಿದ್ದರೆ ನಮ್ಮ ಸಂಗೀತವೇ ಬೇರೆಯಾಗುತ್ತಿತ್ತು.

ವೀಣೆಯ ಮಾತು ಬಂದ ಮೇಲೆ ಹೆಗ್ಗಡದೇವನಕೋಟೆಯನ್ನು ನೆನೆಯದೆ ಮುಂದೆ ಹೋಗಲಾರೆ. ಅಲ್ಲಿನ ಶಾಲೆಯಲ್ಲಿದ್ದಾಗ ತರಗತಿಯಲ್ಲಿ ಒಮ್ಮೆ, "ನಿಮ್ಮೂರಿನಲ್ಲಿ ಹುಟ್ಟಿ ಲೋಕಪ್ರಸಿದ್ಧರಾದವರು ಯಾರು?" ಎಂದು ಕೇಳಿದೆ. ಮಕ್ಕಳು ಆನೆಗಳನ್ನು ಹೆಸರಿಸಿದರೇ ಹೊರತು ಮನುಷ್ಯರನ್ನಲ್ಲ. ವೀಣೆ ವೆಂಕಟಗಿರಿಯಪ್ಪನವರು 1887ರಲ್ಲಿ ಹುಟ್ಟಿದ್ದು ಆ ಊರಿನಲ್ಲಿಯೇ. ವೀಣೆ ಶೇಷಣ್ಣನವರ (1852–1926) ಶಿಷ್ಯರಾಗಿ, ಮೈಸೂರಿನ ಆಸ್ಥಾನ ವಿದ್ವಾಂಸರಾಗಿ, 1952ರಲ್ಲಿ ತೀರಿಕೊಂಡರು. ವಿ. ದೊರೆಸ್ವಾಮಿ ಅಯ್ಯಂಗಾರ್ಯರು (1920–1997) ಅವರ ಶಿಷ್ಯರು. ಆ ಪರಂಪರೆಯಲ್ಲಿ ವಾದ್ಯಕ್ಕೆ ಎಂಥ ಸ್ಥಾನವಿತ್ತೆಂಬುದಕ್ಕೆ ಶೇಷಣ್ಣನವರ ಬಗ್ಗೆ ಒಂದು ಪ್ರಸಂಗ ಹೇಳುತ್ತಾರೆ. ಬರೋಡೆಯ ಅರಸರು ಅವರನ್ನು ಗೌರವಿಸಲೆಂದು ಪಲ್ಲಕ್ಕಿ ಕಳುಹಿಸಿದಾಗ, ಅವರು ವೀಣೆಯನ್ನು ಪಲ್ಲಕ್ಕಿಯಲ್ಲಿ ಕೂರಿಸಿ ತಾವು ಪಕ್ಕದಲ್ಲಿ ನಡೆದು ಹೋದರಂತೆ.

ಇನ್ನು ನನ್ನ ಅಪರಾಧದ ಕಥೆ.

ನಮ್ಮ ಸೋದರತ್ತೆಯದು ಆಗ ಕೃಷ್ಣರಾಜನಗರ ತಾಲ್ಲೂಕಿಗೆ ಸೇರಿದ್ದ ಸಾಲಿಗ್ರಾಮದ ಮನೆ. ಮದುವೆಯಾದ ಹೊಸತರಲ್ಲಿ ಕೆಲವು ವರ್ಷ ಮೈಸೂರಿನಲ್ಲಿದ್ದಾಗ ವೀಣೆ ಕಲಿತಿದ್ದರು. ಅವರ ಮಾವನವರು 1938ರಲ್ಲಿ ಮೈಸೂರಿನಲ್ಲಿ ಮಾಡಿಸಿಕೊಟ್ಟ ವೀಣೆ ಅದು. ತಂಜಾವೂರಿನವರು ಹಲಸಿನ ಮರದಲ್ಲಿ ಮಾಡಿದರೆ ನಮ್ಮ ಮೈಸೂರಿನ ಕಡೆ ಬೀಟೆಯಲ್ಲಿ ಮಾಡುವುದುಂಟು, ಇದೂ ಬೀಟೆಯದೇ. ದಂಡಿಯ ಅಂಚಿಗೆ ತೆಳುವಾದ ದಂತದ ಪಟ್ಟಿ, ತುದಿಯಲ್ಲಿ ಯಾಳಿಯ ಮುಖ. ಅತ್ತೆ ಸಭೆಯಲ್ಲಿ ಎಂದೂ ನುಡಿಸಿದವರಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಅರ್ಧ ಗಂಟೆ, ಅಷ್ಟೆ. ನಾವು ಮಕ್ಕಳು ಕಂಬಕ್ಕೆ ಒರಗಿ ನಿದ್ದೆ ಹೋಗುತ್ತಿದ್ದೆವು.

1983ರ ಹೊತ್ತಿಗೆ ಅತ್ತೆಗೆ ವಯಸ್ಸಾಗಿತ್ತು. ವೀಣೆಯೂ ಸೊರಗಿತ್ತು. ಮೇಣ ಒಣಗಿ ಬಿರುಕು ಬಿಟ್ಟು ಒಂದೆರಡು ಮೆಟ್ಟಿಲು ಅಲುಗುತ್ತಿದ್ದವು. ಮರದ ಬಿರಡೆಗಳು ಮಳೆಗಾಲದಲ್ಲಿ ಬಿಗಿದುಕೊಂಡರೆ ಬೇಸಿಗೆಯಲ್ಲಿ ಜಾರುತ್ತಿದ್ದವು. ಮೇಲಿನ ಅರಗಿನ ಹೊಳಪು ಮಾಸಿ ಕಪ್ಪಾಗಿತ್ತು. ಆ ವರ್ಷ ನನಗೆ ಹಿಂಬಾಕಿ ಸಂಬಳ ಬಂದಿತ್ತು. ಅತ್ತೆಗೆ ಸಂತೋಷಪಡಿಸಬೇಕೆಂದು ಯಾರನ್ನೂ ಕೇಳದೆ ವೀಣೆಯನ್ನು ಮೈಸೂರಿಗೆ ಹೊತ್ತುಕೊಂಡು ಹೋಗಿ ಒಂದು ಅಂಗಡಿಯಲ್ಲಿ ಕೊಟ್ಟೆ. ಅಂಗಡಿಯವರು "ಎಲ್ಲವನ್ನೂ ಹೊಸದು ಮಾಡಿಬಿಡೋಣ" ಎಂದರು. ನಾನೂ ಹೂಂ ಎಂದೆ.

ಎಲ್ಲವೂ ಹೊಸದೇ ಆಯಿತು. ಹಳೆಯ ಅರಗನ್ನು ಉಜ್ಜಿ ತೆಗೆದು ಕನ್ನಡಿಯಂತೆ ಹೊಳೆಯುವ ಪಾಲಿಶ್ ಹೊಡೆದಿದ್ದರು. ಮರದ ಬಿರಡೆಗಳ ಜಾಗದಲ್ಲಿ ಗಿಟಾರಿನ ಹಲ್ಲುಚಕ್ರದ ಬಿರಡೆ. ಮೇಣದ ಮೇಳವನ್ನು ಪೂರ್ತಿ ಕಿತ್ತು, ಅಂಟು ಹಾಕಿದ ಮರದ ಪಟ್ಟಿಯ ಮೇಲೆ ತಿರುಪಿನಿಂದ ಬಿಗಿದ ಹೊಸ ಮೆಟ್ಟಿಲುಗಳು. ಅಲ್ಲಲ್ಲಿ ಎದ್ದಿದ್ದ ದಂತದ ಪಟ್ಟಿ ಹೋಗಿ ಬಿಳಿಯ ಪ್ಲಾಸ್ಟಿಕ್ಕಿನ ಪಟ್ಟಿ. ಹಳೆಯ ಸಾಮಾನುಗಳನ್ನು ನಾನು ಕೇಳಲಿಲ್ಲ, ಅವರೂ ಕೊಡಲಿಲ್ಲ.

ಅತ್ತೆ ವೀಣೆಯನ್ನು ತೊಡೆಯ ಮೇಲಿಟ್ಟುಕೊಂಡು, ತಂತಿ ಸರಿಮಾಡಿಕೊಂಡು, ಒಂದು ಸಲ ಸಾರಣಿಯನ್ನು ಮೀಟಿದರು. ಎರಡು ಮೂರು ಮೆಟ್ಟಿಲುಗಳ ಮೇಲೆ ಬೆರಳಾಡಿಸಿದರು. ಆಮೇಲೆ ನನ್ನ ಮುಖ ನೋಡಿ, "ತುಂಬ ಚೆನ್ನಾಗಿ ಹೊಳೀತಾ ಇದೆ ಕಣೋ, ಹೊಸ ಮದುಮಗಳ ಹಾಗೆ," ಎಂದರು. ಕಾಫಿ ಕೊಟ್ಟರು. ನಾನು ಹೆಮ್ಮೆಯಿಂದಲೇ ಊರಿಗೆ ಹಿಂದಿರುಗಿದೆ. ಆ ಮೇಲೆ ಅವರು ಒಂಬತ್ತು ವರ್ಷ ಬದುಕಿದ್ದರು. ಒಂದು ದಿನವೂ ಆ ವೀಣೆಯನ್ನು ನುಡಿಸಲಿಲ್ಲವೆಂದು ನನಗೆ ತಿಳಿದದ್ದು ಅವರು ಹೋದ ಮೇಲೆ, ಅವರ ಸೊಸೆಯ ಬಾಯಿಂದ. "ಬೆರಳಿಗೆ ಸಿಗ್ತಾ ಇಲ್ಲ ಅಂತಿದ್ರು, ಆದ್ರೆ ನಿಮಗೆ ಹೇಳಬೇಡಿ ಅಂದಿದ್ರು," ಎಂದರು ಆಕೆ.

ಏನು ಸಿಗುತ್ತಿರಲಿಲ್ಲವೆಂಬುದನ್ನು ಬಹಳ ಕಾಲದ ನಂತರ ಮೈಸೂರಿನ ವೀಣಾ ಶಿಕ್ಷಕಿಯೊಬ್ಬರು ನನಗೆ ವಿವರಿಸಿದರು. ಜೇನುಮೇಣಕ್ಕೆ ಇದ್ದಿಲ ಪುಡಿ ಮುಂತಾದುವನ್ನು ಬೆರೆಸಿ ಕಾಯಿಸಿ, ಅದರಲ್ಲಿ ಮೆಟ್ಟಿಲುಗಳನ್ನು ಒಂದೊಂದಾಗಿ ಕೂರಿಸುವುದಕ್ಕೆ ಮೇಳ ಕಟ್ಟುವುದೆನ್ನುತ್ತಾರೆ. ಕಟ್ಟುವವನು ತಂತಿಯನ್ನು ಮೀಟಿ, ಕಿವಿಯಲ್ಲಿ ಸ್ವರ ಹಿಡಿದು, ಮೆಟ್ಟಿಲನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿ ನಿಲ್ಲಿಸುತ್ತಾನೆ. ತಂತಿಗೂ ಮೆಟ್ಟಿಲಿಗೂ ಇರುವ ಅಂತರವೂ ಅಲ್ಲಿಯೇ ನಿರ್ಧಾರವಾಗುತ್ತದೆ. ನುಡಿಸುವವರ ಬೆರಳಿನ ಒತ್ತಡ ಎಷ್ಟು, ಅವರು ಗಮಕಕ್ಕೆ ತಂತಿಯನ್ನು ಎಷ್ಟು ಎಳೆಯುತ್ತಾರೆ ಎಂಬುದನ್ನು ನೋಡಿ ಕಟ್ಟಬೇಕು. ಮೇಣ ಒಣಗುವುದು ಸಹಜ, ಕೆಲವು ವರ್ಷಗಳಿಗೊಮ್ಮೆ ಮತ್ತೆ ಕಟ್ಟಬೇಕಾಗುವುದೂ ಸಹಜ. ಅದು ವೀಣೆಯ ದೋಷವಲ್ಲ, ಅದರ ಆರೈಕೆ. ಅತ್ತೆಯ ವೀಣೆಗೆ ಬೇಕಾಗಿದ್ದದ್ದು ಅಷ್ಟೆ. ನಾನು ಆರೈಕೆ ಬೇಕಾದಲ್ಲಿ ಅಲಂಕಾರ ಮಾಡಿಸಿದೆ. ದಪ್ಪ ಪಾಲಿಶ್ ಎದೆಹಲಗೆಯ ಮೇಲೆ ಕುಳಿತು ನಾದವನ್ನು ಮಂಕು ಮಾಡಿತು. ತಿರುಪಿನ ಮೆಟ್ಟಿಲುಗಳು ಯಾರದೋ ಬೆರಳಿಗೆ ತಕ್ಕಂತೆ ನಿಂತವು.

ಆ ಬೀಟೆಯೂ ಹಗುರವಾದ ಸಂಗತಿಯಲ್ಲ. ಹುಣಸೂರು, ಹೆಗ್ಗಡದೇವನಕೋಟೆಯ ಕಾಡುಗಳ ಬೀಟೆ, ತೇಗಗಳನ್ನು ನೋಡಿ ಬೆಳೆದವರು ನೀವು. ಹತ್ತೊಂಬತ್ತನೆಯ ಶತಮಾನದಲ್ಲಿ ಹುಣಸೂರಿನಲ್ಲಿ ಸರ್ಕಾರದ ಮರದ ಕೋಠಿಯಿತ್ತು. ನನ್ನ ಶಿಷ್ಯನ ಗಿಟಾರಿನಲ್ಲಿ ಬೆರಳೂರುವ ಹಲಗೆ ಕೂಡ ಬೀಟೆಯ ಬಳಗದ್ದೇ, ಬ್ರೆಜಿಲ್ ದೇಶದ ತಳಿ. ಆ ಮರ ದುರ್ಲಭವಾದಾಗ ಅಮೆರಿಕದ ಗಿಟಾರು ತಯಾರಕರು ನಮ್ಮ ದಕ್ಷಿಣ ಭಾರತದ ಬೀಟೆಯತ್ತ ತಿರುಗಿದರು. ಹೆಸರಾಂತ ಮಾರ್ಟಿನ್ ಕಂಪನಿ 1969ರಲ್ಲಿ ಹಾಗೆ ಮಾಡಿತು. ಬ್ರೆಜಿಲ್ಲಿನ ತಳಿಗೆ 1992ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಅತಿ ಕಟ್ಟುನಿಟ್ಟಾದ ರಕ್ಷಣೆ ಬಂತು. ಅಪ್ಪಣೆಯಿಲ್ಲದೆ ಗಡಿ ದಾಟಿಸಿದರೆ ತೊಂದರೆಯೆಂದೇ ಅವನು ಗಿಟಾರನ್ನು ಇಲ್ಲಿಗೆ ತರದೆ ಚಿತ್ರ ಮಾತ್ರ ತೋರಿಸಿದ. ನಮ್ಮ ಬೀಟೆಯೂ 2017ರ ಜನವರಿಯಿಂದ ಅದೇ ಒಪ್ಪಂದದ ಎರಡನೆಯ ಪಟ್ಟಿಗೆ ಸೇರಿತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ದಂತದ ವ್ಯಾಪಾರವನ್ನಂತೂ ನಮ್ಮ ದೇಶದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1986ರ ಮತ್ತು 1991ರ ತಿದ್ದುಪಡಿಗಳು ಸಂಪೂರ್ಣ ನಿಷೇಧಿಸಿದವು. ಅದು ನ್ಯಾಯವೇ. ಕಾಕನಕೋಟೆಯ ಆನೆಗಳನ್ನು ಕಂಡ ಯಾರೂ ಅದಕ್ಕೆ ಬೇಸರಪಡಲಾರರು. ಆದರೆ 1983ರಲ್ಲಿ ನಾನು ಅಂಗಡಿಯ ಕಸದ ಬುಟ್ಟಿಗೆ ಬಿಟ್ಟು ಬಂದ ಪಟ್ಟಿಯನ್ನು ಇನ್ನು ಎಷ್ಟು ಹಣ ಕೊಟ್ಟರೂ ಮರಳಿ ತರಲಾಗುವುದಿಲ್ಲ. ಕೆಲವು ತಿದ್ದುಪಡಿಗಳನ್ನು ಮಾಡುವ ದಿನ ಹಿಂದಕ್ಕೆ ದಾರಿಯಿರುತ್ತದೆ, ಮುಂದೆ ಆ ದಾರಿಯೇ ಮುಚ್ಚಿಹೋಗುತ್ತದೆ.

ಬೆಲೆಯ ಮಾತನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಹಳೆಯ ವಾದ್ಯಗಳನ್ನು ಕೊಳ್ಳುವವರೊಬ್ಬರು ಮನೆಗೆ ಬಂದು ನೋಡಿ, ಹೊಸ ವೀಣೆಯ ಬೆಲೆಗಿಂತಲೂ ಕಡಿಮೆ ಹೇಳಿದರು. "ಮುಟ್ಟದೆ ಇಟ್ಟಿದ್ದರೆ ಮಾತೇ ಬೇರೆ ಇತ್ತು ಮೇಷ್ಟ್ರೇ," ಎಂದರು. ನಾನು ಮಾರುವವನಾಗಿರಲಿಲ್ಲ. ಆದರೂ ಆ ಮಾತು ಚುಚ್ಚಿತು. ಅವರು ಕಳೆದು ಹೇಳಿದ ಹಣಕ್ಕಿಂತ ಅತ್ತೆಯ ಒಂಬತ್ತು ವರ್ಷದ ಸಂಜೆಗಳ ನಷ್ಟ ದೊಡ್ಡದೆಂದು ಅವರಿಗೆ ಹೇಗೆ ತಿಳಿಯಬೇಕು?

ಹೀಗೆ ಯೋಚಿಸುತ್ತ ಹೋದಾಗ ನನಗೆ ತೋರಿದ್ದು ಇಷ್ಟು. ವಾದ್ಯವನ್ನು ತಿದ್ದಬಾರದೆಂಬ ಕಟ್ಟಳೆ ಸರಿಯಲ್ಲ. ಚೌಡಯ್ಯನವರೂ ತಿದ್ದಿದರು, ನಾನೂ ತಿದ್ದಿಸಿದೆ. ಅವರ ತಿದ್ದುಪಡಿ ನುಡಿಸುವ ಕೈಯಿಂದ ಹೊರಟಿತು, ನನ್ನದು ನೋಡುವ ಕಣ್ಣಿನಿಂದ. ಅವರು ತಮ್ಮ ವಾದ್ಯವನ್ನು ತಾವೇ ತಿದ್ದಿಕೊಂಡರು, ನಾನು ಇನ್ನೊಬ್ಬರ ವಾದ್ಯವನ್ನು ಅವರನ್ನು ಕೇಳದೆ ತಿದ್ದಿಸಿದೆ. ಮಾರುಕಟ್ಟೆಯ ಬೆಲೆ ಈ ವ್ಯತ್ಯಾಸವನ್ನು ಒರಟಾಗಿಯಾದರೂ ಗುರುತಿಸುತ್ತದೆ. ಯಾರು, ಯಾವಾಗ, ಏಕೆ ತಿದ್ದಿದರೆಂದು ತಿಳಿದಿದ್ದರೆ ತಿದ್ದುಪಡಿಯೂ ಇತಿಹಾಸವಾಗುತ್ತದೆ. ತಿಳಿಯದಿದ್ದರೆ ಅದು ಬರಿಯ ಗಾಯ.

ಶಿಷ್ಯನಿಗೆ ನಾನು ಹೇಳಿದ್ದೂ ಇದನ್ನೇ. ಈಗ ಬಣ್ಣ ಕೆರೆದು 1964ರ ಬಣ್ಣದಂತೆ ಕಾಣುವ ಹೊಸ ಬಣ್ಣ ಬಳಿಸಿದರೆ ಅದು ಎರಡನೆಯ ಸುಳ್ಳು. ಕೆತ್ತಿದ ಮರ ಮತ್ತೆ ಬೆಳೆಯುವುದಿಲ್ಲ. ಅರ್ಧ ಬೆಲೆಗೆ ಬಂದ ಗಿಟಾರಿನಲ್ಲಿ ಒಂದು ಸ್ವಾತಂತ್ರ್ಯವಿದೆ, ಅದನ್ನು ಗಾಜಿನ ಪೆಟ್ಟಿಗೆಯಲ್ಲಿಡಬೇಕಿಲ್ಲ, ಹೆದರದೆ ನುಡಿಸಬಹುದು. "ಪೂರ್ತಿ ಬೆಲೆಯ ಗಿಟಾರು ಕೊಂಡಿದ್ದರೆ ನೀನು ಅದನ್ನು ಕಾಯುತ್ತ ಕೂರುತ್ತಿದ್ದೆ. ಇದನ್ನಾದರೂ ನುಡಿಸು," ಎಂದೆ. ಅವನು ನಕ್ಕ. ಗಣೇಶನ ಪೆಂಡಾಲಿನ ಹುಡುಗ ಒಂದು ಕ್ಷಣ ಕಾಣಿಸಿದ.

ನಮ್ಮ ಮನೆಯ ವೀಣೆಯ ಪಾಡೇನಾಯಿತೆಂದು ಕೇಳುವಿರಿ. ಮೊಮ್ಮಗಳು ಎರಡು ವರ್ಷದಿಂದ ವೀಣೆ ಕಲಿಯುತ್ತಿದ್ದಾಳೆ. ಶಿಕ್ಷಕಿಯವರನ್ನು ಕೇಳಿ, ಈ ಸಲ ಮಗುವನ್ನೂ ಕೂರಿಸಿಕೊಂಡು ಮಾತಾಡ ನಿರ್ಧಾರ ಮಾಡಿದೆವು. ತಿರುಪಿನ ಪಟ್ಟಿ ತೆಗೆಸಿ ಮತ್ತೆ ಮೇಣದ ಮೇಳ ಕಟ್ಟಿಸಿದೆವು, ಅವಳ ಪುಟ್ಟ ಬೆರಳಿಗೆ ಹೊಂದುವಂತೆ. ಎದೆಹಲಗೆಯ ಪಾಲಿಶನ್ನು ತೆಳುವಾಗಿಸಿದರು. ಬಿರಡೆಗಳನ್ನೂ ಬದಲಿಸಿ ಮರದವನ್ನೇ ಹಾಕಿಸಬೇಕೆಂದು ನನಗೆ ಆಸೆಯಿತ್ತು. ಮೊಮ್ಮಗಳು, "ತಾತ, ಇದು ಇರಲಿ, ನಾನೇ ಶ್ರುತಿ ಮಾಡ್ಕೋಬಹುದು," ಎಂದಳು. ಆ ಕೈ ಮರದ ಬಿರಡೆಯನ್ನು ತಿರುಗಿಸಲಾರದು ನಿಜ. ನಾನು ತಪ್ಪಾಗಿ ಹಾಕಿಸಿದ್ದು ಈಗ ಒಬ್ಬಳಿಗೆ ಸರಿಯಾಯಿತು. ಹಾಗಾಗಿ ಅವು ಉಳಿದವು. ಪ್ಲಾಸ್ಟಿಕ್ಕಿನ ಪಟ್ಟಿಯನ್ನೂ ಹಾಗೆಯೇ ಬಿಟ್ಟಿದ್ದೇವೆ, ನನ್ನ ನೆನಪಿಗೆ.

ವೀಣೆಯ ಯಾಳಿಯ ಮುಖದ ಹಿಂದೆ ಮುಚ್ಚಳವಿರುವ ಪುಟ್ಟ ಗೂಡೊಂದಿರುತ್ತದೆ. ಅದರಲ್ಲಿ ಒಂದು ಕಾಗದ ಮಡಿಸಿ ಇಟ್ಟಿದ್ದೇನೆ. 1938ರಲ್ಲಿ ಯಾರು ಮಾಡಿಸಿದರು, ಯಾರು ನುಡಿಸಿದರು, 1983ರಲ್ಲಿ ಏನೇನು ಬದಲಾಯಿತು, ಯಾರ ಅವಿವೇಕದಿಂದ, ಈಗ ಏನು ಮಾಡಿದೆವು, ಎಲ್ಲವನ್ನೂ ಬರೆದಿದ್ದೇನೆ. ಈ ಸಲ ಬಿಚ್ಚಿದ ತಿರುಪಿನ ಮೆಟ್ಟಿಲುಗಳನ್ನೂ ಎಸೆಯದೆ ಬಟ್ಟೆಯ ಗಂಟಿನಲ್ಲಿ ಕಟ್ಟಿ ಅಟ್ಟದ ಮೇಲಿಟ್ಟಿದ್ದೇನೆ. ಯಾರಿಗೆ ಬೇಕೋ ಯಾರಿಗೆ ಗೊತ್ತು.

ನಿಮ್ಮ ಮನೆಗಳಲ್ಲಿಯೂ ಅಜ್ಜಿಯ ವೀಣೆ, ತಾತನ ಹಾರ್ಮೋನಿಯಂ, ಭಜನೆ ಮೇಳದ ಹಳೆಯ ತಂಬೂರಿ ಮೂಲೆಯಲ್ಲಿ ಇದ್ದೀತು. ರಿಪೇರಿಗೆ ಕೊಡುವ ಮುನ್ನ ನುಡಿಸುವವರನ್ನು ಒಂದು ಮಾತು ಕೇಳಿ. ತೆಗೆದದ್ದನ್ನು ಎಸೆಯಬೇಡಿ. ಏನು ಮಾಡಿಸಿದಿರೆಂದು ಒಂದು ಚೀಟಿಯಲ್ಲಿ ಬರೆದು ಒಳಗಿಡಿ. ನಿಮ್ಮ ಮೇಷ್ಟ್ರು ನಲವತ್ತು ವರ್ಷ ತಡವಾಗಿ ಕಲಿತ ಪಾಠ ಇದು.

ಈಗ ಸಂಜೆ ಆರೂವರೆ. ಒಳಗೆ ಮೊಮ್ಮಗಳು ಸರಳೆ ವರಸೆ ನುಡಿಸುತ್ತಿದ್ದಾಳೆ. ಮೂರನೆಯ ಮೆಟ್ಟಿಲಿನಲ್ಲಿ ಇನ್ನೂ ಸ್ವಲ್ಪ ತಡವರಿಸುತ್ತಾಳೆ. ನಾನು ಕಂಬಕ್ಕೆ ಒರಗಿ ಕುಳಿತಿದ್ದೇನೆ. ಈ ಸಲ ನಿದ್ದೆ ಬರುತ್ತಿಲ್ಲ.